ಸ್ಟಾರ್ಟ್ ಇಲ್ಲದ ಜಾಯ್‌ಸ್ಟಿಕ್ಕು

ಏಳೆಂಟು ವರ್ಷ ದಿನವೂ ವಿಡಿಯೋ ಗೇಮ್ ಆಡಿ, ಒಂದೇ ಒಂದು ಸಲವೂ ತಾವಾಗಿ ಆಟ ಶುರು ಮಾಡದ ಮನುಷ್ಯರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದೇನು, ಅವರ ಹೆಗಲ ಮೇಲೆ ಕೂತೇ ಬೆಳೆದಿದ್ದೇನೆ! ಅವರು ನನ್ನ ದೊಡ್ಡಪ್ಪ, ತಂದೆಯ ಅಣ್ಣ. ಉಡುಪಿಯಿಂದ ಕಾರ್ಕಳ ಮಾರ್ಗವಾಗಿ ಬಜಗೋಳಿಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್. ಹೆಸರು ಹೇಳುವುದಿಲ್ಲ. ಹೇಳಿದರೆ ಆ ರೂಟಿನ ಅರ್ಧ ಜನ “ಓ, ಅವರಾ!” ಎಂದು ನಕ್ಕುಬಿಟ್ಟಾರು. ಅವರನ್ನು ನೋಡಿ ನಗುವ ಹಕ್ಕು ಸದ್ಯಕ್ಕೆ ನನ್ನೊಬ್ಬಳಿಗೇ ಇರಲಿ. ಅದೂ ನಗು ಎಲ್ಲಿಯವರೆಗೆ ಬರುತ್ತದೋ ಅಲ್ಲಿಯವರೆಗೆ.

ಕಾಪುವಿನಲ್ಲಿ ನಮ್ಮದು ಒಂದೇ ಅಂಗಳದ ಎರಡು ಮನೆ. ಒಂದರಲ್ಲಿ ನಾವು, ಇನ್ನೊಂದರಲ್ಲಿ ದೊಡ್ಡಪ್ಪ, ದೊಡ್ಡಮ್ಮ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ದೊಡ್ಡಮ್ಮನ ತಮ್ಮ ದುಬೈಯಿಂದ ಬರುವಾಗ ನನಗೂ ನನ್ನ ಅಕ್ಕನಿಗೂ ಎಂದು ಒಂದು ವಿಡಿಯೋ ಗೇಮ್ ತಂದುಕೊಟ್ಟರು. ಟಿವಿ ಇದ್ದದ್ದು ದೊಡ್ಡಪ್ಪನ ಮನೆಯಲ್ಲಿ ಮಾತ್ರ, ಹಾಗಾಗಿ ಯಂತ್ರವೂ ಅಲ್ಲೇ ಸ್ಥಾಪನೆಯಾಯಿತು. ಅದಕ್ಕೆ ಎರಡು ಜಾಯ್‌ಸ್ಟಿಕ್ಕು. ಹೆಸರಿಗಷ್ಟೇ ಸ್ಟಿಕ್ಕು, ಕೋಲು ಗೀಲು ಏನೂ ಇರಲಿಲ್ಲ. ಸೋಪಿನ ಡಬ್ಬಿಯಷ್ಟು ದೊಡ್ಡ ಪ್ಲಾಸ್ಟಿಕ್ ತುಂಡು, ಎಡಕ್ಕೊಂದು ಪ್ಲಸ್ ಗುರುತಿನ ಬಟನ್, ಬಲಕ್ಕೆ ಎರಡು ಕೆಂಪು ಬಟನ್. ಒಂದನೇ ನಂಬರಿನದಕ್ಕೆ ನಡುವೆ ಇನ್ನೆರಡು ಬಟನ್ ಇದ್ದವು, ಅದರಲ್ಲೊಂದು ಸ್ಟಾರ್ಟ್. ಆಟ ಹೊರಡಿಸುವುದು ಅದೇ, ಮಧ್ಯೆ ನಿಲ್ಲಿಸುವುದು ಅದೇ, ನಿಂತದ್ದನ್ನು ಮತ್ತೆ ಹೊರಡಿಸುವುದೂ ಅದೇ. ಎರಡನೇ ನಂಬರಿನದಕ್ಕೆ ಆ ಭಾಗ್ಯವಿರಲಿಲ್ಲ. ಅದರ ಹೊಟ್ಟೆ ನುಣ್ಣಗೆ ಖಾಲಿ!

ಒಂದನೇ ನಂಬರಿಗಾಗಿ ನಾನೂ ಅಕ್ಕನೂ ಜಡೆ ಹಿಡಿದು ಜಗಳವಾಡಿದ್ದೇವೆ. ಎರಡನೇ ನಂಬರನ್ನು ಕೇಳಿ ಪಡೆದವರು ಜಗತ್ತಿನಲ್ಲಿ ಒಬ್ಬರೇ. ಕಾರಣ ಕೇಳಿದರೆ ಹೇಳುತ್ತಿದ್ದರು, “ಬೆಳಗ್ಗಿನಿಂದ ಸಂಜೆವರೆಗೆ ರೈಟ್ ಪೋಯಿ, ರೈಟ್ ಪೋಯಿ ಅಂತ ಬೊಬ್ಬೆ ಹೊಡೆದು ಬಸ್ಸು ಹೊರಡಿಸುವುದು ನಾನೇ. ಮನೆಯಲ್ಲಿಯಾದರೂ ಬೇರೆ ಯಾರಾದರೂ ರೈಟ್ ಹೇಳಲಿ ಮಾರಾಯ್ತಿ!”

ಆ ಬೇರೆ ಯಾರಾದರೂ ಎಂದರೆ ದೊಡ್ಡಮ್ಮ. ಅವರು ಬೀಡಿ ಕಟ್ಟುತ್ತಿದ್ದರು. ಮೊರವನ್ನು ಮಡಿಲಲ್ಲಿಟ್ಟುಕೊಂಡು, ನಮ್ಮ ಜೊತೆ ಮಾತಾಡುತ್ತಲೇ, ಕಣ್ಣು ಹಾಯಿಸದೆ ಎಲೆ ಸುರುಳಿ ಸುತ್ತುವ ಬೆರಳುಗಳು ಅವು. ಅವಕ್ಕೆ ಜಾಯ್‌ಸ್ಟಿಕ್ಕು ಸಿಕ್ಕಿದರೆ ಕೇಳಬೇಕೆ? ನಾವು ಮಕ್ಕಳು ಎರಡೇ ತಿಂಗಳಲ್ಲಿ ಸೋತು ಸುಸ್ತಾಗಿ ಅಂಗಳದ ಲಗೋರಿಗೆ ಮರಳಿದೆವು. ದೊಡ್ಡಮ್ಮ ಮರಳಲಿಲ್ಲ. ದಿನದ ಬೀಡಿಯನ್ನು ಕಂಪನಿಯ ಬ್ರಾಂಚಿಗೆ ಕೊಟ್ಟು, ಸಂಜೆ ದೊಡ್ಡಪ್ಪ ಬಂದು ಖಾಕಿ ಅಂಗಿ ಕಳಚಿದ ಕೂಡಲೇ ಗಂಡಹೆಂಡಿರಿಬ್ಬರೂ ಚಾಪೆ ಹಾಸಿ ಟಿವಿಯ ಮುಂದೆ ಕೂತುಬಿಡುತ್ತಿದ್ದರು. ಜಾಯ್‌ಸ್ಟಿಕ್ಕಿನ ವಯರು ಗಿಡ್ಡ. ದೂರ ಕೂರುವ ಹಾಗೇ ಇಲ್ಲ, ಭುಜಕ್ಕೆ ಭುಜ ತಾಗಿಸಿಯೇ ಕೂರಬೇಕು. ಅವರಿಗೆ ಮಕ್ಕಳಿರಲಿಲ್ಲ. ಈ ಮಾತನ್ನು ನಮ್ಮಲ್ಲಿ ಯಾರೂ ಜೋರಾಗಿ ಹೇಳುತ್ತಿರಲಿಲ್ಲ. ಮಕ್ಕಳಿಗೆಂದು ಬಂದ ಆಟ ಅವರ ಪಾಲಿಗೆ ಉಳಿದದ್ದನ್ನು ಕಂಡು ನನ್ನ ಅಮ್ಮ ಒಂದೊಂದು ಸಲ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದದ್ದು ಯಾಕೆಂದು ನನಗೆ ಆಗ ತಿಳಿಯುತ್ತಿರಲಿಲ್ಲ.

ಆಡುತ್ತಿದ್ದದ್ದು ಒಂದೇ ಆಟ. ಇಬ್ಬರು ಸಿಪಾಯಿಗಳು ಬಂದೂಕು ಹಿಡಿದು ಓಡುವುದು. ನೀಲಿ ಚಡ್ಡಿಯವನು ದೊಡ್ಡಮ್ಮ, ಕೆಂಪು ಚಡ್ಡಿಯವನು ದೊಡ್ಡಪ್ಪ. ಒಬ್ಬ ಹಿಂದೆ ಉಳಿದರೆ ಪರದೆ ಮುಂದೆ ಸರಿಯುವುದಿಲ್ಲ. ಅವನು ಬರಬೇಕು, ಇಲ್ಲವೇ ಸಾಯಬೇಕು. ಹಿಂದೆ ಉಳಿಯುತ್ತಿದ್ದವರು ಯಾವಾಗಲೂ ದೊಡ್ಡಪ್ಪನೇ.

“ಬೇಗ ಬನ್ನಿ, ಎಂತ ಮಾಡ್ತೀರಿ ಅಲ್ಲಿ?” ಎಂದು ದೊಡ್ಡಮ್ಮ ರೇಗುವರು.

“ಹಿಂದಿನ ಬಾಗಿಲಲ್ಲಿ ಯಾರಾದರೂ ಬಾಕಿ ಇದ್ದಾರಾ ಅಂತ ನೋಡುವುದು ಬೇಡವಾ?”

“ಗುಂಡು ಹಾರಿಸುವವರೆಲ್ಲ ನಿಮ್ಮ ಪ್ಯಾಸೆಂಜರಾ?”

ಅಷ್ಟರಲ್ಲಿ ಕೆಂಪು ಚಡ್ಡಿ ಖಲ್ಲಾಸ್!

ಒಲೆಯ ಮೇಲೆ ಕುಚ್ಚಲಕ್ಕಿ ಕುದಿಯುತ್ತಿದ್ದರೆ ದೊಡ್ಡಮ್ಮ ಆಟದ ನಡುವೆಯೇ ಸ್ಟಾರ್ಟ್ ಒತ್ತಿ, “ಅನ್ನ ಬಸಿದು ಬರ್ತೇನೆ” ಎಂದು ಎದ್ದುಬಿಡುತ್ತಿದ್ದರು. ಟಿವಿಯಲ್ಲಿ ಎಲ್ಲವೂ ನಿಂತಲ್ಲೇ ನಿಲ್ಲುತ್ತಿತ್ತು. ಕೆಂಪು ಚಡ್ಡಿಯವನು ಹಾರಿದವನು ಹಾರಿದಲ್ಲೇ, ಗಾಳಿಯಲ್ಲಿ ಮುದುಡಿಕೊಂಡು! ಒಮ್ಮೆ ಪಕ್ಕದ ಮನೆಯವರು ಬಂದಾಗ ದೊಡ್ಡಪ್ಪ ಅಲ್ಲಾಡದ ಚಿತ್ರದ ಮುಂದೆ ಕೈಕಟ್ಟಿ ಕೂತಿದ್ದರು.

“ಎಂತ, ಟಿವಿ ಹಾಳಾಯಿತಾ?”

“ಇಲ್ಲ, ಬಸ್ಸು ನಿಂತದ್ದು. ಕಂಡಕ್ಟರ್ ಅನ್ನ ಬಸಿಯಲು ಹೋಗಿದ್ದಾರೆ.”

“ಇನ್ನೊಂದು ಜಾಯ್‌ಸ್ಟಿಕ್ಕು ಇಲ್ಲೇ ಉಂಟಲ್ಲ, ನೀವೇ ಒತ್ತಬಹುದಲ್ಲ?”

ದೊಡ್ಡಪ್ಪ ಅವರನ್ನು, ಓಡುವ ಬಸ್ಸಿನಿಂದ ಇಳಿಯಲು ಹೊರಟವರನ್ನು ನೋಡುವಂತೆ ನೋಡಿದರು. “ಅದು ಅವಳದ್ದು” ಎಂದರು, ಅಷ್ಟೇ.

ಕಾಲ ನಿಲ್ಲುತ್ತದೆಯೇ? ನಾನು ಮಣಿಪಾಲದಲ್ಲಿ ಕಾಲೇಜಿಗೆ ಸೇರಿ ಗೆಳತಿಯರೊಂದಿಗೆ ಬಾಡಿಗೆ ರೂಮಿನಲ್ಲಿದ್ದೆ. ಒಬ್ಬಳ ಬಳಿ ಹೊಸ ಕಾಲದ ಗೇಮ್ ಇತ್ತು. ದೊಡ್ಡಮ್ಮ ಮಾಡಿಕೊಟ್ಟ ಪತ್ರೊಡೆಯ ಡಬ್ಬಿ ಹಿಡಿದು ಬಂದ ದೊಡ್ಡಪ್ಪ ಅದರ ಜಾಯ್‌ಸ್ಟಿಕ್ಕನ್ನು ಕಂಡವರೇ ಚಪ್ಪಲಿ ಬಿಟ್ಟು ನೆಲದ ಮೇಲೆ ಕೂತರು. ಹಳೆಯದರ ಪರವಾಗಿ ಹೊಸದನ್ನು ವಿಚಾರಣೆಗೆ ಕರೆದಂತಿತ್ತು ಅವರ ಗತ್ತು.

“ಒಂದು, ಎರಡು, ಮೂರು… ಇದೆಂತ, ಹಿಂದೆಯೂ ಬಟನ್? ನಮ್ಮ ಬಸ್ಸಿನ ಡ್ರೈವರನ ಮುಂದೆಯೂ ಇಷ್ಟು ಇಲ್ಲ!” ಎಂದರು. ಎರಡು ಅಣಬೆಗಳಂತೆ ಎದ್ದು ನಿಂತ ಕೋಲುಗಳನ್ನು ತಿರುಗಿಸಿ ನೋಡಿದರು. ಹಿಡಿದುಕೊಳ್ಳಲು ಕೈಗೆ ಹಿತವಾಗಿದೆ ಎಂದು ಒಪ್ಪಿಕೊಂಡರು, ಒಲ್ಲದ ಮನಸ್ಸಿನಿಂದ. ಅಷ್ಟರಲ್ಲಿ ಆಟದಲ್ಲಿ ಕಾರು ಗೋಡೆಗೆ ಬಡಿದು ಜಾಯ್‌ಸ್ಟಿಕ್ಕು ಗಡಗಡ ನಡುಗಿತು. ದೊಡ್ಡಪ್ಪ ಅದನ್ನು ಹಾಸಿಗೆಗೆ ಎಸೆದರು. “ಚಳಿಜ್ವರ ಬಂದದ್ದನ್ನು ಕೈಗೆ ಕೊಡುವುದಾ?”

ಆಮೇಲೆ ಮುಖ್ಯ ಪ್ರಶ್ನೆ ಬಂತು. “ಸ್ಟಾರ್ಟ್ ಎಲ್ಲಿ ಇದರಲ್ಲಿ?”

ತೋರಿಸಿದೆ.

“ಇನ್ನೊಂದರಲ್ಲಿ?”

“ಅದರಲ್ಲೂ ಉಂಟು ದೊಡ್ಡಪ್ಪ. ಈಗ ಎಲ್ಲದರಲ್ಲೂ ಉಂಟು.”

“ಎರಡರಲ್ಲೂ! ಒಂದು ಬಸ್ಸಿಗೆ ಇಬ್ಬರು ಕಂಡಕ್ಟರಾ? ಅವಳು ಅಡುಗೆಮನೆಗೆ ಹೋದಾಗ ನಾನು ಹೊರಡಿಸಿಬಿಟ್ಟರೆ? ಮತ್ತೆ ಯಾರು ಯಾರಿಗೆ ಕಾಯುವುದು?”

ಗೆಳತಿಯರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಇನ್ನೊಂದು ಜಾಯ್‌ಸ್ಟಿಕ್ಕಿಗೆ ವಯರೇ ಇರಲಿಲ್ಲ. ಅದನ್ನು ಅವರು ಮುಟ್ಟಲೂ ಇಲ್ಲ. “ಯಾರ ಮನೆಯ ಟಿವಿಗೆ ಹೇಳ್ತಾ ಇದ್ದೇನೆ ಅಂತ ಇದಕ್ಕೆ ಹೇಗೆ ಗೊತ್ತಾಗ್ತದೆ?”

“ಅದಕ್ಕೆಲ್ಲ ಗೊತ್ತಾಗ್ತದೆ. ದೂರದಿಂದಲೂ ಕೆಲಸ ಮಾಡ್ತದೆ.”

“ಎಷ್ಟು ದೂರ?”

ನನಗೆ ಆಗ ಕಲಿತವಳೆಂಬ ಕೊಬ್ಬು. “ಎಷ್ಟು ದೂರ ಬೇಕಾದರೂ!” ಎಂದುಬಿಟ್ಟೆ. ಆ ಮಾತನ್ನು ಹಿಂದೆ ತೆಗೆದುಕೊಳ್ಳುವಂತಿದ್ದರೆ ಎಂದು ಆಮೇಲೆ ಎಷ್ಟು ಸಲ ಅಂದುಕೊಂಡಿದ್ದೇನೋ.

ಮರುವರ್ಷದ ಒಂದು ಭಾನುವಾರ ಮಧ್ಯಾಹ್ನ. ನಾನು ರಜೆಗೆಂದು ಕಾಪುವಿಗೆ ಬಂದಿದ್ದೆ. ಇಬ್ಬರೂ ಆಡುತ್ತಿದ್ದರು. ದೊಡ್ಡಪ್ಪನಿಗೆ ಉಳಿದಿದ್ದದ್ದು ಕೊನೆಯ ಜೀವ, ದೊಡ್ಡಮ್ಮನಿಗೆ ಇನ್ನೂ ಎರಡು. ಅವರು ಹಿಂದೆಂದೂ ಮುಟ್ಟದಷ್ಟು ದೂರ ಬಂದಿದ್ದರು. ದೊಡ್ಡಮ್ಮ ಸ್ಟಾರ್ಟ್ ಒತ್ತಿ ನಿಲ್ಲಿಸಿ, “ಸ್ವಲ್ಪ ತಲೆ ತಿರುಗ್ತದೆ, ನೀರು ಕುಡಿದು ಬರ್ತೇನೆ” ಎಂದು ಎದ್ದರು. ಅಡುಗೆಮನೆಯಲ್ಲಿ ಚೊಂಬು ಬಿದ್ದ ಸದ್ದು ಕೇಳಿಸಿತು. ನಾವು ಓಡಿದಾಗ ಚೊಂಬಿನ ಪಕ್ಕದಲ್ಲೇ ಅವರೂ ಬಿದ್ದಿದ್ದರು.

ಮಣಿಪಾಲದ ಆಸ್ಪತ್ರೆಯಲ್ಲಿ, ಮೆದುಳಿನಲ್ಲಿ ರಕ್ತಸ್ರಾವ ಎಂದರು. ಮಾತು ನಿಂತಿತ್ತು, ಬಲಗೈ ನಿಂತಿತ್ತು.

ಅಂದು ಸಂಜೆ ಬಟ್ಟೆ ಒಯ್ಯಲೆಂದು ಮನೆಗೆ ಬಂದ ದೊಡ್ಡಪ್ಪ ಟಿವಿ ಆರಿಸಿದರು. ಯಂತ್ರವನ್ನು ಆರಿಸಲಿಲ್ಲ. ಹೊಸ ಕಾಲದ ಯಂತ್ರವಾದರೆ ಆಟವನ್ನು ಉಳಿಸಿಟ್ಟು ಮತ್ತೊಂದು ದಿನ ಮುಂದುವರಿಸಬಹುದು. ಇದರಲ್ಲಿ ಹಾಗಿಲ್ಲ, ಒಂದು ಕ್ಷಣ ಕರೆಂಟು ಹೋದರೂ ಎಲ್ಲ ಮೊದಲಿನಿಂದ. ನಮ್ಮ ಕಡೆ ಕರೆಂಟು ಹೋಗದ ದಿನ ಉಂಟೇ? ಮರುದಿನವೇ ಗ್ಯಾರೇಜಿನ ಗೆಳೆಯರು ಒಂದು ಬಸ್ಸಿನ ಬ್ಯಾಟರಿಯನ್ನೂ ಇನ್ವರ್ಟರನ್ನೂ ಹೊತ್ತು ತಂದು, ಒಂದು ಕ್ಷಣವೂ ಕರೆಂಟು ತಪ್ಪದ ಹಾಗೆ ಯಂತ್ರಕ್ಕಷ್ಟೇ ಜೋಡಿಸಿಕೊಟ್ಟರು. ಬಸ್ಸಿನ ಬ್ಯಾಟರಿ, ಸೋಪಿನ ಡಬ್ಬಿಯಂಥ ಆಟಕ್ಕೆ! ಬಿಸಿಯಾಗಬಾರದೆಂದು ಮನೆಯಲ್ಲಿದ್ದ ಒಂದೇ ಟೇಬಲ್ ಫ್ಯಾನು ಯಂತ್ರದ ಕಡೆ ತಿರುಗಿತು. ನೋಡಿಹೋಗಲು ಬಂದ ನೆಂಟರು ಸೆಖೆಯಲ್ಲಿ ಬೆವರುತ್ತ ಕೂತಿದ್ದರೆ, ಯಂತ್ರ ಒಂದೇ ತಂಪಾಗಿ ಗಾಳಿ ಹಾಕಿಸಿಕೊಳ್ಳುತ್ತಿತ್ತು. ಅಪ್ಪ ಸಿಟ್ಟಿನಿಂದ “ಮನೆಗೆ ಬೆಂಕಿ ಬಿದ್ದೀತು ಅಣ್ಣ” ಎಂದರು. “ಅವಳು ನಿಲ್ಲಿಸಿ ಹೋದದ್ದು. ಬಂದು ಅವಳೇ ಹೊರಡಿಸಬೇಕು” ಎಂದರು ದೊಡ್ಡಪ್ಪ.

ಬೆರಳುಗಳಿಗೆ ಕೆಲಸ ಕೊಡಿ ಎಂದು ಡಾಕ್ಟರು ಹೇಳಿದ್ದೇ ತಡ, ದೊಡ್ಡಪ್ಪ ಒಂದನೇ ನಂಬರಿನ ಜಾಯ್‌ಸ್ಟಿಕ್ಕನ್ನು ಕಿತ್ತು, ವಯರು ಸುತ್ತಿ, ಟಿಕೆಟ್ ಪುಸ್ತಕದ ಚೀಲದಲ್ಲಿಟ್ಟುಕೊಂಡು ಮಣಿಪಾಲಕ್ಕೆ ಹೋದರು. ದೊಡ್ಡಮ್ಮನ ಬಲಗೈಯೊಳಗೆ ಅದನ್ನಿಟ್ಟು, ಹೆಬ್ಬೆರಳನ್ನು ಸ್ಟಾರ್ಟಿನ ಮೇಲಿಟ್ಟು, “ಒತ್ತು, ಆಟ ಅಲ್ಲೇ ಉಂಟು” ಎನ್ನುತ್ತ ಕೂರುತ್ತಿದ್ದರಂತೆ. ದಿನವೂ, ಭೇಟಿಯ ಹೊತ್ತು ಮುಗಿಯುವವರೆಗೆ. ನರ್ಸಮ್ಮನವರು ಮೊದಲು ನಕ್ಕರಂತೆ, ಆಮೇಲೆ ನಗುವುದನ್ನು ಬಿಟ್ಟರಂತೆ.

ಏಳನೆಯ ದಿನ ಮಧ್ಯಾಹ್ನ ಮನೆಯ ಫೋನು ಹೊಡೆದುಕೊಂಡಿತು. ಎತ್ತಿದೆ. ದೊಡ್ಡಪ್ಪ ಏದುಸಿರು ಬಿಡುತ್ತಿದ್ದರು.

“ಓಡು, ಟಿವಿ ಹಾಕಿ ನೋಡು. ಆಟ ಹೊರಟಿತಾ?”

“ಎಂತ ದೊಡ್ಡಪ್ಪ?”

“ಅವಳು ಒತ್ತಿದಳು! ಹೆಬ್ಬೆರಳು ಅಲುಗಿತು, ನಾನು ಕಣ್ಣಾರೆ ಕಂಡೆ. ಆಟ ಹೊರಟಿತಾ ನೋಡು!”

“ದೊಡ್ಡಪ್ಪ, ವಯರು…” ಎಂದೆ.

“ಎಷ್ಟು ದೂರ ಬೇಕಾದರೂ ಆಗ್ತದೆ ಅಂತ ನೀನೇ ಹೇಳಿದ್ದಲ್ವಾ?”

ಹೊಸದನ್ನು ಅಷ್ಟು ಹೀಯಾಳಿಸಿದ ಮನುಷ್ಯರು, ಹಳೆಯದನ್ನು ಕೈಯಲ್ಲಿ ಹಿಡಿದು, ನನ್ನ ಒಂದು ಒಣ ಜಂಬದ ಮಾತನ್ನು ಇಷ್ಟು ದಿನ ನೆನಪಿಟ್ಟುಕೊಂಡಿದ್ದರು. ರಿಸೀವರನ್ನು ಕೆಳಗಿಟ್ಟು ಅಂಗಳ ದಾಟಿ ಹೋದೆ. ಟಿವಿ ಹಾಕಿದೆ. ಇಬ್ಬರು ಸಿಪಾಯಿಗಳೂ ನಿಂತಲ್ಲೇ ನಿಂತಿದ್ದರು. ಮರಳಿ ಬಂದು, “ಕರೆಂಟಿಲ್ಲ ದೊಡ್ಡಪ್ಪ, ಟಿವಿ ಕಾಣುವುದಿಲ್ಲ” ಎಂದೆ.

“ಬ್ಯಾಟರಿ?” ಅವರ ಸ್ವರ ಹೆದರಿತ್ತು.

“ಬ್ಯಾಟರಿ ಉಂಟು. ಯಂತ್ರ ಓಡ್ತಾ ಉಂಟು.”

“ಹಾಗಾದರೆ ಸಾಕು” ಎಂದರು.

ಎರಡು ದಿನ ಕಳೆದು ದೊಡ್ಡಮ್ಮ ಹೋದರು.

ಉತ್ತರಕ್ರಿಯೆ ಮುಗಿದು, ಚಪ್ಪರ ಬಿಚ್ಚಿ, ನೆಂಟರೆಲ್ಲ ಹೋದರೂ ಯಂತ್ರ ಓಡುತ್ತಲೇ ಇತ್ತು. ದೊಡ್ಡಪ್ಪ ಬಸ್ಸಿಗೆ ಹೋಗುತ್ತಿರಲಿಲ್ಲ. ಅಮ್ಮ ಬಡಿಸಿದ ಅನ್ನ ತಟ್ಟೆಯಲ್ಲೇ ಆರುತ್ತಿತ್ತು. ಸಂಜೆಯಾದರೆ ಟಿವಿ ಹಾಕಿ, ಆ ನಿಂತ ಚಿತ್ರದ ಮುಂದೆ ಎರಡನೇ ನಂಬರ್ ಹಿಡಿದು ಚಾಪೆಯ ಒಂದು ಬದಿಯಲ್ಲಿ ಕೂರುವರು. ಒಂದನೇ ನಂಬರ್ ಮತ್ತೆ ವಯರು ಸಿಕ್ಕಿಸಿಕೊಂಡು ಚಾಪೆಯ ಇನ್ನೊಂದು ಬದಿಯಲ್ಲಿ ಇರುತ್ತಿತ್ತು. ಹೀಗೇ ಬಿಟ್ಟರೆ ಇವರು ನಮಗೆ ಉಳಿಯುವುದಿಲ್ಲ ಎಂದು ಅಪ್ಪ ಅಮ್ಮ ಪಿಸುಗುಟ್ಟಿಕೊಂಡದ್ದನ್ನು ನಾನು ಕೇಳಿಸಿಕೊಂಡೆ. ನನಗೂ ಭಯವಾಯಿತು. ಮರುಸಂಜೆ ಹೋಗಿ ಪಕ್ಕದಲ್ಲಿ ಕೂತೆ.

“ದೊಡ್ಡಪ್ಪ, ಆರಿಸಲಾ?”

“ಅವಳು ಅನ್ನ ಬಸಿಯಲು ಹೋಗಿದ್ದಾಳೆ ಅಂತ ಎಣಿಸಿಕೊಳ್ತೇನೆ.” ಆಮೇಲೆ, “ಈಗ ಸ್ಟಾರ್ಟ್ ಒತ್ತಿದರೆ ಎಂತಾಗ್ತದೆ?” ಎಂದು ಕೇಳಿದರು. ಏಳೆಂಟು ವರ್ಷ ಆಡಿದವರಿಗೆ ಗೊತ್ತಿಲ್ಲವೇ? ಗೊತ್ತಿತ್ತು.

“ಆಟ ಹೊರಡ್ತದೆ. ಗುಂಡು ಬರ್ತದೆ. ನೀವು ಓಡಬಹುದು.”

“ಅವಳು?”

ಆಡಿಸುವವರಿಲ್ಲದ ನೀಲಿ ಚಡ್ಡಿಯವನು ನಿಂತಲ್ಲೇ ನಿಂತು ಸಾಯುತ್ತಾನೆ. ಅವನು ಸತ್ತ ಮೇಲೆ ಪರದೆ ಸರಿಯುತ್ತದೆ, ದೊಡ್ಡಪ್ಪ ಮುಂದೆ ಹೋಗಬಹುದು. ಇಷ್ಟನ್ನು ಬಾಯಿಬಿಟ್ಟು ಹೇಳಲು ನನ್ನಿಂದಾಗಲಿಲ್ಲ. “ನಾನು ಅವರದ್ದನ್ನು ಆಡಲಾ?” ಎಂದೆ.

“ಬೇಡ ಮಗಾ.”

ದೊಡ್ಡಪ್ಪ ತಮ್ಮ ಕೈಯಲ್ಲಿದ್ದ ಎರಡನೇ ನಂಬರನ್ನು ನಿಧಾನವಾಗಿ ಚಾಪೆಯ ಮೇಲಿಟ್ಟರು. ಸರಿದು ದೊಡ್ಡಮ್ಮನ ಬದಿಯಲ್ಲಿ ಕೂತರು. ಒಂದನೇ ನಂಬರನ್ನು ಎತ್ತಿಕೊಂಡರು. ಅದರ ಸ್ಟಾರ್ಟಿನ ಅಕ್ಷರಗಳು ದೊಡ್ಡಮ್ಮನ ಹೆಬ್ಬೆರಳಿಗೆ ಸವೆದು ಎಂದೋ ಅಳಿಸಿಹೋಗಿದ್ದವು.

“ರೈಟ್ ಪೋಯಿ” ಎಂದರು, ಪಕ್ಕದಲ್ಲಿದ್ದ ನನಗಷ್ಟೇ ಕೇಳಿಸುವಷ್ಟು ಮೆಲ್ಲಗೆ. ಒತ್ತಿದರು.

ಆಟ ಹೊರಟಿತು. ಎಡಬಲದಿಂದ ಗುಂಡುಗಳು ಬಂದವು. ದೊಡ್ಡಪ್ಪನ ಕೆಂಪು ಚಡ್ಡಿಯವನು ಹಿಂದೆ ಒಬ್ಬನೇ ನಿಂತಿದ್ದ. ಯಾರೂ ಅವನನ್ನು ಕದಲಿಸಲಿಲ್ಲ. ಒಂದು ಗುಂಡು ತಾಗಿ ಬಿದ್ದ. ಪರದೆ ಸರಿಯಿತು, ದೊಡ್ಡಮ್ಮನ ನೀಲಿ ಚಡ್ಡಿಯವನು ಓಡತೊಡಗಿದ.

“ನಿಮ್ಮವನು ಸತ್ತ ದೊಡ್ಡಪ್ಪ” ಎಂದೆ.

“ಸಾಯಲಿ ಮಾರಾಯ್ತಿ” ಎಂದರು ದೊಡ್ಡಪ್ಪ. ಕಣ್ಣಿಂದ ನೀರು ಸುರಿಯುತ್ತಿತ್ತು, ಹೆಬ್ಬೆರಳು ಬಟನ್ನಿನಿಂದ ಕದಲಲಿಲ್ಲ. “ಇವಳನ್ನು ಮುಂದಿನ ಸ್ಟಾಪಿಗೆ ಬಿಟ್ಟು ಬರ್ತೇನೆ. ಆಮೇಲೆ ನೀನೇ ಆರಿಸು.”