ತಾಡಪತ್ರಿಯೊಳಗಿನ ಮಗಳು

“ನಾಳಿಂದ ಶೈಲು ಆಟೋ ಹತ್ತಂಗಿಲ್ಲ. ಸಾಲಿಗೆ ನಾನೇ ಬಿಡ್ತೀನಿ, ನಾನೇ ಕರಕೊಂಡು ಬರ್ತೀನಿ. ಈ ಹಾಲೇಶ ಇರೋತನಕ ನನ್ನ ಮಗಳ ಮ್ಯಾಲೆ ಒಂದು ಧೂಳಿನ ಕಣ ಬೀಳಬಾರದು.”

ಹೊಸಪೇಟೆಯ ಸಂಡೂರು ರಸ್ತೆಯಲ್ಲಿ ತಾಡಪತ್ರಿ ಅಂಗಡಿ ಇಟ್ಟಿದ್ದ ಹಾಲೇಶ್, ಊಟದ ತಟ್ಟೆಯ ಮುಂದೆ ಕುಳಿತು ಹೀಗೆ ಪ್ರತಿಜ್ಞೆ ಮಾಡಿದಾಗ ಹೆಂಡತಿ ಗಂಗಾಂಬಿಕಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಮದುವೆಯಾದಾಗಿನಿಂದ ಆಕೆ ಇಂಥ ಪ್ರತಿಜ್ಞೆಗಳನ್ನು ಬೇಕಾದಷ್ಟು ಕೇಳಿದ್ದಳು. ದಿನಾ ಬೆಳಿಗ್ಗೆ ಡ್ಯಾಂ ತನಕ ಓಡುವ ಪ್ರತಿಜ್ಞೆ ಹೊಸ ಬೂಟು ಕೊಳ್ಳುವಲ್ಲಿಗೇ ಮುಗಿದಿತ್ತು.

“ಧೂಳಿನ ಮಾತು ಮೊದಲು ನಿಮ್ಮ ಗಿರಾಕಿಗಳಿಗೆ ಹೇಳ್ರಿ,” ಎಂದಳು.

ಮಾತು ನಾಟಿತು. ಅವನ ಗಿರಾಕಿಗಳೆಂದರೆ ಅದಿರು ಲಾರಿಯವರು. ಸಂಡೂರಿನ ಗುಡ್ಡಗಳು ಲಾರಿ ಹತ್ತಿ ಹಗಲೂ ರಾತ್ರಿ ಊರ ನಡುವೆ ಹಾಯುತ್ತಿದ್ದ ಕಾಲ ಅದು. ಅದಿರಿನ ಮೇಲೆ ಹೊದಿಸಲು ಪ್ರತಿ ಲಾರಿಗೂ ತಾಡಪತ್ರಿ ಬೇಕು. ಲಾರಿ ಹೆಚ್ಚಿದಷ್ಟೂ ಹಾಲೇಶನ ಗಲ್ಲಾ ತುಂಬುತ್ತಿತ್ತು, ಎದೆಯೂ ನಡುಗುತ್ತಿತ್ತು. ಆ ಸಂಜೆಯಂತೂ ಅಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದಾಗ ಮಾರೆಪ್ಪನ ಶಾಲಾ ಆಟೋ ಕಂಡಿತ್ತು. ಒಳಗೆ ಮಕ್ಕಳು, ಹೊರಗೆ ನೇತಾಡುವ ಚೀಲಗಳು, ಪಕ್ಕದಲ್ಲೇ ಉಸಿರು ಬಿಡುತ್ತ ಒಂದು ಲಾರಿ. ಚೀಲಗಳ ನಡುವಿನಿಂದ ಪುಟ್ಟ ಕೈಯೊಂದು ಹೊರಬಂದು ಅವನಿಗೆ ಟಾಟಾ ಮಾಡಿತು. ತನ್ನ ಮಗಳದ್ದೇ ಕೈ. ಲಾರಿಗೂ ಆ ಕೈಗೂ ಮಧ್ಯೆ ಒಂದು ಮೊಳ ಜಾಗವಿರಲಿಲ್ಲ.

ಮೂರನೇ ಇಯತ್ತೆಯ ಶೈಲಶ್ರೀಗೆ ಮಾತ್ರ ಅಳು ಬಂತು. “ಆಟೋದಾಗ ನನ್ನ ಗೆಳತ್ಯಾರು ಇರ್ತಾರಪ್ಪಾ. ನೀ ಹಾಡು ಹೇಳಂಗಿಲ್ಲ, ಏನಿಲ್ಲ.”

ಮೊದಲ ದಿನ ಸ್ಕೂಟರಿನಲ್ಲಿ ಹೋದ ಬಿಳಿ ಸಮವಸ್ತ್ರ ಸಂಜೆ ಹೆಂಚಿನ ಬಣ್ಣದಲ್ಲಿ ಮರಳಿತು. ಮಗಳು ರಾತ್ರಿಯೆಲ್ಲ ಕೆಮ್ಮಿದಳು. ಬೇರೆ ತಂದೆಯಾಗಿದ್ದರೆ ಒಂದು ಕರವಸ್ತ್ರ ಕಟ್ಟಿ ಸುಮ್ಮನಾಗುತ್ತಿದ್ದ. ಹಾಲೇಶ್ ನೇರವಾಗಿ ಅಂಗಡಿಗೆ ಹೋಗಿ, ತಾಡಪತ್ರಿ ಹೊಲಿಯುವ ಮೂಕಣ್ಣನ ಮುಂದೆ ನಿಂತ.

“ಒಂದು ಹೊಲಿಬೇಕು ಮೂಕಣ್ಣ.”

“ಎಷ್ಟು ಟನ್ನಿನ ಗಾಡಿಗ್ರಿ?”

“ಮಗಳಿಗೋ.”

ಮೂಕಣ್ಣನ ಆಯುಷ್ಯದಲ್ಲೇ ಅಷ್ಟು ಸಣ್ಣ ಲಾರಿ ಬಂದಿರಲಿಲ್ಲ. ಆದರೂ ನೀಲಿ ತಾಡಪತ್ರಿಯಲ್ಲಿ ನೆತ್ತಿಯಿಂದ ಪಾದದ ತನಕ ಒಂದು ಅಂಗಿ ತಯಾರಾಯಿತು. ಅಂಚಿಗೆ ಹಿತ್ತಾಳೆಯ ಬಳೆ, ಬಳೆಯೊಳಗೆ ಹಗ್ಗ, ಬಾಯಿಗೆ ಬಟ್ಟೆ, ಕಣ್ಣಿಗೆ ವೆಲ್ಡಿಂಗ್ ಅಂಗಡಿಯ ಕಪ್ಪು ಕನ್ನಡಕ. ಹಾಲೇಶ್ ತನಗೂ ಒಂದು ಟವೆಲ್ಲು ಸುತ್ತಿಕೊಂಡು, ಅಂಥದೇ ಕನ್ನಡಕ ಏರಿಸಿ, ಮಗಳು ಬೀಳದಂತೆ ತನ್ನ ಸೊಂಟಕ್ಕೆ ಹಗ್ಗದಿಂದ ಕಟ್ಟಿಕೊಂಡ. ಮೇಲೆ ಕಾನೂನು ಬೇರೆ. ಗಾಡಿಯ ಮೇಲೆ ಮಾತಾಡಬಾರದು, ಬಾಯಿಗೆ ಧೂಳು ಹೋಗುತ್ತದೆ. ಏನಾದರೂ ಹೇಳುವುದಿದ್ದರೆ ಬೆನ್ನು ತಟ್ಟಬೇಕು. ಒಂದು ತಟ್ಟಿದರೆ ನಿಧಾನ, ಎರಡು ತಟ್ಟಿದರೆ ಇನ್ನೂ ನಿಧಾನ. ನಿಲ್ಲಿಸುವುದಕ್ಕೆ ಎಷ್ಟು ತಟ್ಟಬೇಕೆಂಬುದು ಕಾನೂನಿನಲ್ಲಿ ಬಿಟ್ಟುಹೋಗಿತ್ತು.

“ಕೂಸು ಒಳಗ ಇಡ್ಲಿ ಬೆಂದಂಗ ಬೇಯಾಕತ್ತೈತಿ,” ಎಂದು ಗಂಗಾಂಬಿಕಾ ಗೊಣಗಿದಳು.

“ಬೆಂದರೂ ಪರವಾಗಿಲ್ಲ, ಸ್ವಚ್ಛ ಬೇಯ್ಲಿ.”

ಶಾಲೆಯ ಗೇಟಿನಲ್ಲಿ ಮೊದಲು ನಕ್ಕವರೇ ಆಮೇಲೆ ಬಳಿ ಬಂದು ಅಂಗಿಯ ಬಟ್ಟೆ ಮುಟ್ಟಿ ನೋಡತೊಡಗಿದರು. ಹೆದರಿಕೆ ಎಲ್ಲರ ಮನೆಯಲ್ಲೂ ಇತ್ತು, ಹಾಲೇಶ್ ಅದಕ್ಕೊಂದು ಅಂಗಿ ಹೊಲಿಸಿದ್ದ ಅಷ್ಟೆ. ಹೊಗಳಿದವರಿಗೆಲ್ಲ ಅವನು ಹಿಗ್ಗಿನಿಂದ ಹೊಲಿಸಿಕೊಟ್ಟ. ಡ್ಯಾಂ ಬಳಿಯ ಕಾಲುವೆ ಕಚೇರಿಯಲ್ಲಿ ಕೆಲಸ ಮಾಡುವ ಸುಧಾರಾಣಿ ಎಂಬಾಕೆಯೂ ಮಗನಿಗೆಂದು ಒಂದು ಒಯ್ದಳು. ಕೆಲವೇ ವಾರಗಳಲ್ಲಿ ಶಾಲೆ ಬಿಡುವ ಹೊತ್ತಿಗೆ ಗೇಟಿನ ತುಂಬ ನೀಲಿಯೋ ನೀಲಿ.

“ಎಲ್ಲಾ ಕೂಸೂ ಒಂದೇ ಥರಾ ಕಾಣಸ್ತಾವ. ನಮ್ಮದು ಯಾವುದಂತ ಹೆಂಗ ಹಿಡಿತೀರಿ?” ಎಂದಳು ಗಂಗಾಂಬಿಕಾ.

“ಹೆತ್ತ ಅಪ್ಪನ ಕಣ್ಣು ಇದು. ಸಾವಿರ ಕೂಸಿನಾಗೂ ನನ್ನ ಮಗಳನ್ನ ಹಿಡಿತೀನಿ.”

ಮರುವಾರ ಒಂದು ಸಂಜೆ ಹಿಡಿದೇಬಿಟ್ಟ. ಶಾಲೆ ಬಿಟ್ಟದ್ದಕ್ಕೂ ಲಾರಿಗಳ ಸಾಲು ಹಾಯ್ದದ್ದಕ್ಕೂ ಸರಿಹೋಯಿತು. ಕೆಂಧೂಳು ಎದ್ದು, ಪಕ್ಕದವರ ಮುಖ ಪಕ್ಕದವರಿಗೆ ಕಾಣದಾಯಿತು. ಹಾಲೇಶ್ ನೀಲಿ ಅಂಗಿಯ ತೋಳೊಂದನ್ನು ಹಿಡಿದು, “ಜಲ್ದಿ ಹತ್ತು,” ಎಂದು ಕೂರಿಸಿ, ಹಗ್ಗ ಬಿಗಿದು ಹೊರಟ.

ಡ್ಯಾಂ ರಸ್ತೆಯ ತಿರುವು ದಾಟಿದ್ದೇ ತಡ, ಬೆನ್ನ ಮೇಲೆ ಒಂದು ತಟ್ಟು ಬಿತ್ತು. ನಿಧಾನ ಮಾಡಿದ. ಎರಡು ಬಿದ್ದವು. ಇನ್ನೂ ನಿಧಾನ ಮಾಡಿದ. ಆಮೇಲೆ ಡೊಳ್ಳು ಬಡಿದ ಹಾಗೆ ಬಡಿತ ಶುರುವಾಯಿತು. ಹಾಲೇಶನ ಕಣ್ಣು ತುಂಬಿಬಂತು. ಆಹಾ, ಕೊನೆಗೂ ಮಗಳಿಗೆ ಸುರಕ್ಷತೆಯ ಬೆಲೆ ತಿಳಿಯಿತು! ಅವನ ಸ್ಕೂಟರ್ ಎಷ್ಟು ಮೆಲ್ಲಗಾಯಿತೆಂದರೆ ಹುಲ್ಲು ಹೇರಿದ ಎತ್ತಿನ ಬಂಡಿ ಅವನನ್ನು ದಾಟಿ ಹೋಯಿತು.

ಅಷ್ಟರಲ್ಲಿ ಮಾರೆಪ್ಪನ ಆಟೋ ಪಕ್ಕಕ್ಕೆ ಬಂತು. ಮಾರೆಪ್ಪ ಹಾರ್ನ್ ಹೊಡೆದ, ಕೈ ಮಾಡಿದ, ಏನೋ ಕೂಗಿದ. ತುಂಬಿದ ಮಕ್ಕಳ ನಡುವಿನಿಂದ ಒಬ್ಬ ಹುಡುಗಿ ಜೋರಾಗಿ ಕೈ ಬೀಸಿದಳು. ಹಾಲೇಶ್ ಕಪ್ಪು ಕನ್ನಡಕದೊಳಗಿಂದ ನೋಡಿ ಮರುಗಿದ. ಪಾಪ, ಯಾವ ಅಪ್ಪನ ಮಗಳೋ, ಹೀಗೆ ಕುರಿ ತುಂಬಿದ ಹಾಗೆ ತುಂಬಿ ಕಳಿಸಿದ್ದಾರೆ. ತಲೆ ಅಲ್ಲಾಡಿಸಿ, ಮುಂದೆ ಹೋಗು ಎಂದು ಮಾರೆಪ್ಪನಿಗೆ ಸನ್ನೆ ಮಾಡಿದ.

ಮನೆಯಲ್ಲಿ ಗಂಗಾಂಬಿಕಾ ಹಗ್ಗ ಬಿಚ್ಚಿ, ಮುಸುಕು ತೆಗೆದು, ಬೆವರಿನಲ್ಲಿ ತೊಯ್ದ ಮುಖವನ್ನು ಸೆರಗಿನಿಂದ ಒರೆಸಿ, ಹಾಗೇ ನಿಂತುಬಿಟ್ಟಳು.

“ಯಾರಪ್ಪಾ ನೀನು?”

“ಹುಲುಗಪ್ಪ. ಅಜ್ಜನ ಹೆಸರು ಇಟ್ಟಾರ,” ಎಂದ ಹುಡುಗ. “ಕುಡ್ಯಾಕ ನೀರು ಕೊಡ್ರಿ.”

“ನೀ ಈ ಗಾಡಿ ಯಾಕ ಹತ್ತಿದಿ?”

“ಇವತ್ತು ಮಾಮ ಬರ್ತಾನ ಅಂತ ಅವ್ವ ಹೇಳಿದ್ಲು. ಮಾರಿ ಕಾಣಲಿಲ್ಲ, ಮಾಮ ಅಂತ ಹತ್ತಿದೆ. ಡ್ಯಾಂ ರಸ್ತೆ ಬಿಟ್ಟು ಈ ಕಡೆ ತಿರುಗಿದ್ರು. ಕೈ ನೋಯೋತನಕ ಬಡಿದೆ. ಗಾಡಿ ನಿಧಾನ ಆತೇ ಹೊರತು ನಿಲ್ಲಲಿಲ್ಲ.”

ಗಂಗಾಂಬಿಕಾ ಗಂಡನ ಕಡೆ ತಿರುಗಿದಳು. ಆಕೆಯ ದನಿ ಇಷ್ಟು ಸಣ್ಣದಾದದ್ದನ್ನು ಹಾಲೇಶ್ ಎಂದೂ ಕೇಳಿರಲಿಲ್ಲ.

“ರೀ, ನಮ್ಮ ಶೈಲು ಎಲ್ಲಿ?”

ಹುಡುಗನನ್ನು ಕೂರಿಸಿಕೊಂಡು ಶಾಲೆಗೆ ಮರಳುವಾಗ ಹಾಲೇಶ್ ಮೊದಲ ಸಲ ಸ್ಕೂಟರನ್ನು ಜೋರಾಗಿ ಓಡಿಸಿದ. ಕಂಡ ಪ್ರತಿ ಲಾರಿಯ ಚಕ್ರದ ಕೆಳಗೂ ಅವನಿಗೆ ನೀಲಿ ಬಣ್ಣವೇ ಕಾಣುತ್ತಿತ್ತು. ಶಾಲೆಯ ಗೇಟಿನಲ್ಲಿ ಜನ ಸೇರಿದ್ದರು. ನಡುವೆ ಸುಧಾರಾಣಿ, ಪಕ್ಕದಲ್ಲಿ ಅವಳ ತಮ್ಮ.

“ಮಾರಿ ಮುಚ್ಚಿಕೊಂಡಿದ್ದನಂತ. ಕಪ್ಪು ಕನ್ನಡಕ ಹಾಕಿದ್ದನಂತ. ನನ್ನ ಮಗನ್ನ ಹಗ್ಗದಿಂದ ಕಟಗೊಂಡು ಒಯ್ದಾನಂತ,” ಎನ್ನುತ್ತಿದ್ದಳು.

ಸರಿಯಾಗಿ ಅದೇ ವೇಷದಲ್ಲಿ ಹಾಲೇಶ್ ಬಂದಿಳಿದ. ಊರಿಗೇ ಸುರಕ್ಷತೆ ಹಂಚಿದವನು ಮಕ್ಕಳ ಕಳ್ಳನಾಗಿ ನಿಂತಿದ್ದ. ಸುಧಾರಾಣಿಯ ತಮ್ಮ ಅವನ ಕೊರಳಪಟ್ಟಿಗೆ ಕೈ ಹಾಕಿದ. ಹುಲುಗಪ್ಪ ಪ್ರಾಮಾಣಿಕ ಹುಡುಗ, ಕೇಳಿದ್ದಕ್ಕೆ ಇದ್ದದ್ದನ್ನೇ ಹೇಳಿದ. “ಹೌದವ್ವಾ, ಇವ್ರೇ ಕಟಗೊಂಡು ಹೋಗಿದ್ರು.”

ಹಾಲೇಶ್ ಟವೆಲ್ಲು, ಕನ್ನಡಕ ಕಿತ್ತೆಸೆದ. “ಹೊಡಿಯೋದಿದ್ರ ಆಮ್ಯಾಲೆ ಹೊಡಿರಿ ಅಕ್ಕಾರ. ನನ್ನ ಮಗಳು ಕಾಣಸ್ತಿಲ್ಲ. ಯಾರಾದ್ರೂ ಕಂಡೀರೇನ್ರಿ?” ಎಂದ. ಸುಧಾರಾಣಿ ಮಗನನ್ನು ಎದೆಗವಚಿಕೊಂಡೇ ಒಂದು ಕ್ಷಣ ಅವನನ್ನು ನೋಡಿದಳು. ಆಮೇಲೆ ತಮ್ಮನ ಕೈ ಬಿಡಿಸಿ, “ಕುಂದ್ರಿ ಮೊದಲು, ನೀರು ಕುಡಿರಿ. ಎಲ್ಲಾರೂ ಸೇರಿ ಹುಡುಕೋಣು,” ಎಂದಳು.

ನೀರು ಗಂಟಲಿಗಿಳಿಯುವ ಮೊದಲೇ ಜೇಬಿನಲ್ಲಿ ಮೊಬೈಲ್ ಬಡಿದುಕೊಂಡಿತು. ಗಂಗಾಂಬಿಕಾ. “ಬಂದ್ಲು. ನಮ್ಮ ಶೈಲು ಮಾರೆಪ್ಪನ ಆಟೋದಾಗ ಬಂದ್ಲು.” ಹಾಲೇಶ್ ಅಲ್ಲೇ ನೆಲದ ಮೇಲೆ ಕುಳಿತು ಅತ್ತುಬಿಟ್ಟ.

ಮನೆಗೆ ಬಂದಾಗ ಶೈಲು ಮಂಡಕ್ಕಿ ತಿನ್ನುತ್ತಿದ್ದಳು.

“ನೀ ಯಾರನ್ನೋ ಕೂರಿಸಿಕೊಂಡು ಹೊಂಟಿ. ಕೂಗಿದೆ, ನೀ ನಿಲ್ಲಲಿಲ್ಲ. ಮಾರೆಪ್ಪ ಮಾಮ, ‘ಬಾ ಅವ್ವಾ, ಎಲ್ಲಾರನ್ನೂ ಬಿಟ್ಟು ಕಡೀಕ ನಿನ್ನ ಬಿಡ್ತೀನಿ’ ಅಂದ. ಆಟೋದಾಗ ಸೆಕಿ ಅಂತ ಅಂಗಿ ಕಳದೆ. ರಸ್ತೇದಾಗ ನಿನಗ ಟಾಟಾ ಮಾಡಿದೆನಲ್ಲಪ್ಪಾ. ನೀ ನನ್ನ ನೋಡಿ ಹಿಂಗ ತಲಿ ಅಲ್ಲಾಡಿಸಿದಿ.”

ಅವಳು ಅಲ್ಲಾಡಿಸಿ ತೋರಿಸಿದಳು. ಗಂಗಾಂಬಿಕಾ ಹೆತ್ತ ಅಪ್ಪನ ಕಣ್ಣನ್ನು ನೋಡಿದಳು.

ಮರುದಿನ ಶೈಲು ಆಟೋ ಹತ್ತಿದಳು. ಇನ್ನು ಅರ್ಧರ್ಧ ಮಕ್ಕಳಂತೆ ಎರಡು ಸುತ್ತು ಹೊಡೆಯಲು ಮಾರೆಪ್ಪ ಒಪ್ಪಿದ್ದ. ಮೂಕಣ್ಣ ನೀಲಿ ಅಂಗಿಗಳನ್ನು ಬಿಚ್ಚಿ ಆಟೋದ ಎರಡೂ ಬದಿಗೆ ಪರದೆ ಹೊಲಿದಿದ್ದ. ಚೀಲವೂ ಹೊರಗೆ ಬರುವಂತಿರಲಿಲ್ಲ, ಕೈಯೂ ಬರುವಂತಿರಲಿಲ್ಲ.

ಆದರೂ ಹಾಲೇಶನಿಗೆ ಮನಸ್ಸು ತಡೆಯಲಿಲ್ಲ. ಅಂಗಡಿಯ ಬೀಗ ತೆಗೆಯದೆ ಸ್ಕೂಟರ್ ಏರಿ ಆಟೋದ ಬೆನ್ನಿಗೇ ಬಿದ್ದ. ಆಟೋ ತಿರುಗಿದರೆ ತಿರುಗಿದ, ನಿಂತರೆ ನಿಂತ. ಒಳಗಿನ ಹಾಡು ಅವನಿಗೂ ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಆಟೋದ ಹಿಂದಿನ ಪ್ಲಾಸ್ಟಿಕ್ ಕಿಟಕಿಯಲ್ಲಿ ಶೈಲುವಿನ ಮುಖ ಕಾಣಿಸಿತು. ಅಪ್ಪನನ್ನು ಗುರುತಿಸಲು ಅವಳಿಗೆ ಕ್ಷಣವೂ ಬೇಕಾಗಲಿಲ್ಲ. ಅಂಗೈ ಎತ್ತಿ ಕಿಟಕಿಯ ಮೇಲೆ ಒಂದು ಸಲ ತಟ್ಟಿದಳು.

ಕಾನೂನು ಮಾಡಿದವನು ತಾನೇ. ಹಾಲೇಶ್ ನಿಧಾನ ಮಾಡಿದ.

ಅವಳು ಎರಡು ಸಲ ತಟ್ಟಿದಳು.