ಬೀಗರೂರಿನ ದಾರಿಯಲ್ಲಿ ನನ್ನ ಮ್ಯಾರಥಾನ್

ಮ್ಯಾರಥಾನ್ ಓಡಬೇಕಾದರೆ ಅದಕ್ಕೂ ಮೊದಲು ವಾರವಾರವೂ ಮೈಲಿಗಟ್ಟಲೆ ಓಡಿ ಅಭ್ಯಾಸ ಮಾಡಬೇಕಂತೆ! ಇದು ಶೂ ಮಾರುವವರು ಕಟ್ಟಿದ ಕಥೆ ಎಂದು ಬೀಗರ ಮನೆಯ ಊಟದ ಪಂಕ್ತಿಯಲ್ಲೇ ಘೋಷಿಸಿಬಿಟ್ಟೆ. ನಾನೆಂದರೆ ಯಾರು? ಮಧುಗಿರಿಯ ಪಾತ್ರೆ ಅಂಗಡಿಯ ಚನ್ನಮಲ್ಲಯ್ಯ! ದಿನವಿಡೀ ಕೊಳಗ ಕೊಪ್ಪರಿಗೆ ಇಳಿಸಿ ಹತ್ತಿಸಿ ಗಟ್ಟಿಯಾದ ದೇಹ ಇದು. ಅಳಿಯ ಮಲ್ಲೇಶ್ ತುಮಕೂರಿನ ಇಪ್ಪತ್ತೊಂದು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟಿದ್ದ. ಹೋಳಿಗೆಯ ಮೇಲೆ ತುಪ್ಪ ಬೀಳುತ್ತಿದ್ದ ಹುಮ್ಮಸ್ಸಿನಲ್ಲಿ, "ನಂದೂ ಒಂದು ಹೆಸರು ಬರೆಸಪ್ಪ" ಎಂದೆ.

"ಮಾವ, ಲಾಂಗ್ ರನ್ ಮಾಡ್ದೆ ಆಗಲ್ಲ. ವಾರಕ್ಕೊಂದ್ಸಲ ಆದ್ರೂ ದೂರ ಓಡ್ಬೇಕು."

"ಲಾಂಗೂ ಬ್ಯಾಡ, ಗೀಂಗೂ ಬ್ಯಾಡ! ಪ್ರಾಣ ಹೋದ್ರೂ ಪ್ರಾಕ್ಟೀಸ್ ಅಂತ ಒಂದ್ ಹೆಜ್ಜೆ ಓಡಲ್ಲ. ಸೀದಾ ತುಮಕೂರಿಗೆ ಬಂದು ಓಡ್ತೀನಿ!"

"ಗಂಡು ಅಂದ್ರೆ ನೀವು ಕಣ್ರಿ ಬೀಗ್ರೇ!" ಎಂದು ಬೀಗರು ಮಲ್ಲಿಕಾರ್ಜುನಯ್ಯ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು. ಮುಗಿಯಿತು! ಇನ್ನು ಸೋತರೆ ಮಗಳು ಪ್ರಿಯಾಂಕಳ ಅತ್ತೆಮನೆಯಲ್ಲಿ ನಾನು ತಲೆ ಎತ್ತಿ ಊಟ ಮಾಡುವಂತಿರಲಿಲ್ಲ.

ಮನೆಗೆ ಬಂದ ಮೇಲೆ ಹೆಂಡತಿ ಕಮಲಾಕ್ಷಮ್ಮ ಶುರು ಮಾಡಿದಳು. "ಅಟ್ಟ ಹತ್ತಿದ್ರೆ ಉಬ್ಸ ಬರೋರು ನೀವು. ತುಮಕೂರಲ್ಲಿ ಬಿದ್ದು ಬೀಗ್ರ ಮುಂದೆ ನನ್ ಮಾನನೂ ಕಳೀಬ್ಯಾಡಿ. ಕದ್ದು ಒಂದ್ಸಲ ಓಡಿ ನೋಡ್ಕಳಿ, ನಾನ್ ಯಾರ್ಗೂ ಹೇಳಲ್ಲ."

ಸರಿ, ಒಂದೇ ಒಂದು ಸಲ! ಆದರೆ ಮನೆಯಿಂದ ಓಡಲು ಹೊರಟರೆ ಸುಸ್ತಾದ ಕೂಡಲೇ ಕಾಲು ಮನೆಗೇ ತಿರುಗುತ್ತದೆ. ಆದ್ದರಿಂದ ಐ.ಡಿ.ಹಳ್ಳಿ ಕಡೆಯ ಮೊದಲ ಬಸ್ಸು ಹತ್ತಿ, ಬೀಗರ ಊರು ಇನ್ನೇನು ಬಂತು ಅನ್ನುವಾಗ ಇಳಿದು, ಅಲ್ಲಿಂದ ಮನೆಗೆ ಓಡುವುದು! ಮಧ್ಯೆ ಬಸ್ಸು ಹತ್ತುವ ಆಸೆ ಹುಟ್ಟಬಾರದೆಂದು ಹೋಗುವ ಚಾರ್ಜಿನಷ್ಟೇ ಇಟ್ಟುಕೊಂಡು, ಫೋನು, ಉಳಿದ ಕಾಸು ಎಲ್ಲ ಮನೆಯಲ್ಲೇ ಬಿಟ್ಟೆ. ಎಂಥ ತಲೆ ನನ್ನದು!

ಇಳಿದವನೇ ಪಂಚೆ ಬಿಚ್ಚಿ ತಲೆಗೆ ಸುತ್ತಿದೆ. ಪಟಾಪಟಿ ಚಡ್ಡಿ, ಬನಿಯನ್ನು, ಕೈಯಲ್ಲಿ ಚಪ್ಪಲಿ. ಮೊದಲ ಫರ್ಲಾಂಗು ಗಾಳಿಯಂತೆ ಓಡಿದೆ. ಎರಡನೆಯದಕ್ಕೆ ಗಾಳಿಯೇ ಸಿಗಲಿಲ್ಲ. ಮೂರನೆಯದಕ್ಕೆ ಮೀನಖಂಡ ಹಿಡಿದುಕೊಂಡು, ಹುಣಸೆಮರದ ಬುಡದಲ್ಲಿ ಕುಸಿದೆ. ನೋವಿಗೆ ಕಣ್ಣಲ್ಲಿ ಧಾರಾಕಾರ ನೀರು!

ಆಗಲೇ ಟಿವಿಎಸ್‌ನಲ್ಲಿ ಬಂದವರು ಬೀಗರ ತಮ್ಮ ದೊಡ್ಡರಂಗಪ್ಪ.

"ಅಯ್ಯೋ ಶಿವನೇ! ಯಾಕ್ ಬೀಗ್ರೇ, ಚಡ್ಡೀಲೇ ಓಡ್ಬಂದ್ಬುಟ್ಟಿದೀರಾ? ಬೀಗಿತ್ತಿ ಚೆನ್ನಾಗವ್ರಾ?"

ಮಾತಾಡಲು ಉಸಿರೆಲ್ಲಿ? ನನ್ನ ಪಾಡು ಆ ದೇವರಿಗೇ ಗೊತ್ತು ಎಂಬರ್ಥದಲ್ಲಿ ಕೈ ಮೇಲಕ್ಕೆತ್ತಿದೆ. ಅಷ್ಟೇ! ಅವರು "ಶಿವನ ಪಾದ ಸೇರ್ಬುಟ್ರಾ!" ಎಂದು ಟವೆಲ್ಲಿನಿಂದ ಕಣ್ಣೊರೆಸಿಕೊಂಡು ನನ್ನನ್ನು ಗಾಡಿಗೆ ಹತ್ತಿಸಿದರು.

ಬೀಗರ ಮನೆಯ ಅಂಗಳದಲ್ಲಿ ಪ್ರಿಯಾಂಕ ಅಮ್ಮನಿಗೆ ಫೋನು ಮಾಡಿದಳು, ಮತ್ತೆ ಮಾಡಿದಳು, ಎತ್ತುವವರಿಲ್ಲ. ಶಿವಪೂಜೆ ಮುಗಿಯುವವರೆಗೆ ಕಮಲಾಕ್ಷಮ್ಮ ಫೋನು ಮುಟ್ಟುವವಳಲ್ಲ ಎಂಬುದು ಗಾಬರಿಯಲ್ಲಿ ಹೆತ್ತ ಮಗಳಿಗೂ ನೆನಪಾಗಲಿಲ್ಲ! "ಅಮ್ಮಾ, ಹೋಗ್ಬುಟ್ಯೇನಮ್ಮಾ!" ಎಂದು ಕಿರುಚಿದಳು. ಇದ್ದಬದ್ದ ಉಸಿರೆಲ್ಲ ಒಟ್ಟುಗೂಡಿಸಿ ಕೂಗಿದೆ, "ಯಾರೂ ಸತ್ತಿಲ್ಲ ಕಣಮ್ಮ! ನಾನು ಲಾಂಗ್ ರನ್ ಮಾಡ್ತಿದ್ದೆ!"

ಮಲ್ಲೇಶ್ ನನ್ನ ಹಣೆ ಮುಟ್ಟಿ ನೋಡಿ, "ಪಾಪ, ಮಾವಂಗೆ ಶಾಕ್ ಆಗಿ ಏನೇನೋ ಮಾತಾಡ್ತಾವ್ರೆ. ಪ್ರಾಣ ಹೋದ್ರೂ ಪ್ರಾಕ್ಟೀಸ್ ಮಾಡಲ್ಲ ಅಂತ ಇದೇ ಮನೇಲಿ ಹೇಳಿದ್ರಲ್ಲ!" ಎಂದ.

"ಹೌದಪ್ಪ, ನನ್ ಪಕ್ಕದಲ್ಲೇ ಕುಂತು ಹೇಳಿದ್ರು" ಎಂದು ಬೀಗರು ಸಾಕ್ಷಿ ನುಡಿದರು. ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಳ್ಳುವ ಹಾಗಾಯಿತು.

ಟೆಂಪೋ ಬಂತು, ನನ್ನನ್ನೂ ಹತ್ತಿಸಿಕೊಂಡು ಎಲ್ಲರೂ ಮಧುಗಿರಿಗೆ ಹೊರಟರು. ದಾರಿಯಲ್ಲಿ ನಿಲ್ಲಿಸಿ ದಪ್ಪ ಸೇವಂತಿಗೆ ಹಾರವನ್ನೂ ಕೊಂಡರು. ಬೀಗರು ನನ್ನ ಬೆನ್ನು ಸವರುತ್ತಲೇ ಇದ್ದರು. "ಧೈರ್ಯ ತಗಳಿ. ಎಲ್ರೂ ಒಂದಿನ ಹೋಗೋರೇ."

"ರೀ, ನಾನು ಓಡ್ತಿದ್ದೆ ಕಣ್ರೀ!"

"ಓಡಿದ್ರಿ, ಯಾರ್ ಇಲ್ಲ ಅಂದ್ರು? ಹೆಂಡ್ತಿಗೋಸ್ಕರ ಮಧುಗಿರಿಯಿಂದ ಇಲ್ಲೀಗಂಟ ಓಡಿದ್ರಿ! ಯಾವ್ ಗಂಡ ಓಡ್ತಾನೆ ಇಂಗೆ?"

ಸತ್ಯ ಹೇಳುತ್ತೇನೆ, ಆ ಸಂಕಟದಲ್ಲೂ ನನ್ನ ಎದೆ ಉಬ್ಬಿತು! ಅಷ್ಟು ದೂರ ಓಡಿದೆನೆಂದು ಬೀಗರೇ ಒಪ್ಪಿದ್ದಾರೆ. ಬಸ್ಸಿನ ವಿಷಯ ಬಾಯಿ ಬಿಡಲಿಲ್ಲ.

ಮನೆ ಮುಂದೆ ಟೆಂಪೋ ನಿಂತಾಗ ಹಣೆ ತುಂಬ ವಿಭೂತಿ ಇಟ್ಟುಕೊಂಡು ಕಮಲಾಕ್ಷಮ್ಮ ಹೊರಗೆ ಬಂದಳು. "ಓಹೋಹೋ, ಬನ್ನಿ ಬನ್ನಿ! ಬರ್ತೀವಿ ಅಂತ ಒಂದ್ ಫೋನ್ ಮಾಡ್ಬಾರ್ದಾ?"

ಪ್ರಿಯಾಂಕ ಓಡಿಹೋಗಿ ಅಮ್ಮನನ್ನು ತಬ್ಬಿಕೊಂಡು ಗೋಳೋ ಎಂದಳು. ಎಲ್ಲರೂ ಒಟ್ಟಿಗೇ ಕಥೆ ಹೇಳಿದರು. ಕಮಲಾಕ್ಷಮ್ಮ ಎಲ್ಲ ಕೇಳಿಸಿಕೊಂಡು, ಚಡ್ಡಿಯಲ್ಲಿ ಕುಂಟುತ್ತ ಇಳಿಯುತ್ತಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಮಧುಗಿರಿಯಿಂದ ಓಡಿದ್ರಾ? ಬಸ್ ಚಾರ್ಜು ಈಸ್ಕಂಡು ಹೋಗಿದ್ರಲ್ಲ ಬೆಳಿಗ್ಗೆ!"

ಹೋಯಿತು! ಮಲ್ಲೇಶ್ ಮುಖ ತಿರುಗಿಸಿಕೊಂಡು ನಗುತ್ತಿದ್ದ. ಬೀಗರು ಮಾತ್ರ ಬೆನ್ನ ಹಿಂದೆ ಹಾರ ಬಚ್ಚಿಡಲು ಒದ್ದಾಡುತ್ತಿದ್ದರು. "ತಪ್ಪು ತಿಳ್ಕಬ್ಯಾಡಿ ಬೀಗಿತ್ತಿ... ಈಗ ಇದನ್ನ ಏನ್ ಮಾಡೋದು?"

"ಬದುಕಿರೋಳಿಗೆ ಯಾಕಣ್ಣ ಹಾರ? ಸತ್ತಿರೋದು ನಮ್ಮನೆಯವ್ರ ಕಾಲು, ಅದಕ್ಕೇ ಹಾಕ್ಬುಡಿ!"