ಅಳಂಬೆಯ ಮೇಲಿನ ಕಿನ್ನರಿ

ಹೆಂಗಸರ ಹುಚ್ಚು ಎಂದರೆ ಸೀರೆ, ಚಿನ್ನ ಎಂದು ಲೋಕ ಎಂದೋ ತೀರ್ಮಾನಿಸಿಬಿಟ್ಟಿದೆ. ಹಾಗಾಗಿ ನನ್ನ ಹುಚ್ಚನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೋ ಯಾರಿಗೂ ಗೊತ್ತಿಲ್ಲ. ವಾಮದಪದವಿನ ಶಾಲೆಯಲ್ಲಿ ವಿಜ್ಞಾನ ಕಲಿಸುವ ನಾನು ಹಳೆಯ ಬ್ರೂಚುಗಳನ್ನು, ಅಂದರೆ ಬಟ್ಟೆಗೆ ಚುಚ್ಚಿಕೊಳ್ಳುವ ಅಲಂಕಾರದ ಪಿನ್ನುಗಳನ್ನು ಕೂಡಿಡುತ್ತೇನೆ. ಅವುಗಳಲ್ಲೂ ರೆಕ್ಕೆಯ ಕಿನ್ನರಿಯರೇ ಆಗಬೇಕು. ನಮ್ಮ ಅಪ್ಸರೆಯರು ರೆಕ್ಕೆಯಿಲ್ಲದೆಯೇ ಆರಾಮವಾಗಿ ಹಾರುತ್ತಾರೆ. ಇವರಿಗೆ ಮಾತ್ರ ಏರೋಪ್ಲೇನ್ ಚಿಟ್ಟೆಯ ರೆಕ್ಕೆ ಯಾಕೆ ಬೇಕಾಯಿತು? ಇವರನ್ನು ಚುಚ್ಚಿಕೊಂಡು ಯಾವ ದೊರೆಸಾನಿ ಎಲ್ಲಿಗೆ ಹೊರಟಿದ್ದಳು? ಭೂತಗನ್ನಡಿ ಹಿಡಿದು ಹೀಗೆ ಯೋಚಿಸುತ್ತ ಕೂತರೆ ನನಗೆ ಅನ್ನ ಅಡಿಹಿಡಿದದ್ದೂ ತಿಳಿಯುವುದಿಲ್ಲ. ನಮ್ಮೆಜಮಾನರು ನನ್ನ ಸಂಗ್ರಹವನ್ನು 'ಹಾತೆ ಡಬ್ಬಿ' ಎಂದು ಕರೆಯುತ್ತಾರೆ.

ಡಬ್ಬಿಯಲ್ಲಿ ಹನ್ನೊಂದು ಕಿನ್ನರಿಯರಿದ್ದರು. ಹನ್ನೆರಡನೆಯವಳು ಕಂಡದ್ದು ಮೆಲ್ಕಾರಿನಲ್ಲಿ, ನನ್ನ ಸಹೋದ್ಯೋಗಿ ಝುಬೈದಾಳ ಮನೆಯ ಊಟದಲ್ಲಿ. ಅವಳ ತಾಯಿ ಬೀಫಾತುಮ್ಮನ ತಲೆವಸ್ತ್ರ ಜಾರದಂತೆ ಗಲ್ಲದ ಕೆಳಗೆ ಹಿಡಿದಿದ್ದಳು ಆಕೆ, ಅಳಂಬೆಯ ಮೇಲೆ ಕಾಲು ಇಳಿಬಿಟ್ಟು ಕೂತು! ಬಿರಿಯಾನಿ ಆರಿತು, ನನ್ನ ಕಣ್ಣು ಕದಲಲಿಲ್ಲ. "ಎಂತ ಟೀಚರ್, ನನ್ನ ಕುತ್ತಿಗೆಯಲ್ಲಿ ಎಂತ ಉಂಟು?" ಎಂದು ಉಮ್ಮ ಕೇಳಿಯೇಬಿಟ್ಟರು. ನಾನು "ಚಂದ ಉಂಟು" ಎಂದೆ. ಒಂದು ಸಲ ಅಂದಿದ್ದರೆ ಸಾಕಿತ್ತು, ಮೂರು ಸಲ ಅಂದೆ.

ಮರುದಿನ ಝುಬೈದಾ ಒಂದು ಸ್ಟೀಲ್ ಡಬ್ಬಿ ತಂದುಕೊಟ್ಟಳು. ಪತ್ತಿರಿ ಎಂಬ ಅಕ್ಕಿರೊಟ್ಟಿಯ ಕೆಳಗೆ ಕಾಗದದಲ್ಲಿ ಸುತ್ತಿದ ಕಿನ್ನರಿ! "ನೆಂಟರ ಕಣ್ಣು ನೆಟ್ಟದ್ದನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದಂತೆ, ಉಮ್ಮ ಹೇಳಿದ್ದು," ಎಂದಳು. ಅವಳ ಅಬ್ಬ, ಅಂದರೆ ತಂದೆ, ಬಹರೈನ್‌ನಿಂದ ಮೊದಲ ರಜೆಯಲ್ಲಿ ಬಂದಾಗ ತಂದದ್ದು ಎಂಬುದನ್ನೂ ಸೇರಿಸಿದಳು. ಅಬ್ಬ ಈಗ ಇಲ್ಲ. ನನಗೆ ನಾಚಿಕೆಯಾಯಿತು, ಆಸೆಯೂ ಹೋಗಲಿಲ್ಲ. ನಮ್ಮಲ್ಲಿ ಖಾಲಿ ಡಬ್ಬಿ ಹಿಂದೆ ಕೊಡುವ ಕ್ರಮವಿಲ್ಲವಲ್ಲ, ಹಲಸಿನ ಹಪ್ಪಳದ ಕೆಳಗೆ ಕಿನ್ನರಿಯನ್ನಿಟ್ಟು ಕಳಿಸಿದೆ. ಉಮ್ಮ ಮತ್ತೆ ಕಳಿಸಿಯಾರು ಎಂದು ಮನಸ್ಸಿನಲ್ಲೇ ಮಂಡಿಗೆ ತಿಂದೆ. ಕಳಿಸಿದರು, ಬಾಳೆಹಣ್ಣಿನ ಹಲ್ವದ ಜೊತೆ. ನಾನು ಪತ್ರೊಡೆಯ ಜೊತೆ ಹಿಂದಿರುಗಿಸಿದೆ. ಎರಡೂ ಮನೆಯವರು ದಪ್ಪಗಾಗತೊಡಗಿದರು, ಇತ್ಯರ್ಥ ಮಾತ್ರ ಆಗಲಿಲ್ಲ.

ಕೊನೆಗೆ ನನ್ನ ಹನ್ನೊಂದನ್ನೂ ಹೊತ್ತುಕೊಂಡು ಮೆಲ್ಕಾರಿಗೆ ಹೋದೆ. "ಉಮ್ಮ, ಬದಲಿಗೆ ಇದರಲ್ಲಿ ಬೇಕಾದದ್ದು ತೆಗೊಳ್ಳಿ," ಎಂದೆ. ಅವರು ಒಂದೊಂದನ್ನೇ ಎತ್ತಿ ನೋಡಿದರು.

"ಇದನ್ನೆಲ್ಲ ಯಾವಾಗ ಹಾಕುದು ಟೀಚರ್?"

"ಹಾಕುದಿಲ್ಲ ಉಮ್ಮ, ಇಡುದು."

"ಇಡ್ಲಿಕ್ಕಾ?" ಉಮ್ಮ ಮಗಳ ಮುಖ ನೋಡಿದರು. "ಅವರು ತಂದುಕೊಟ್ಟಾಗ 'ನೀನು ಹಾಕಿದ್ದು ನಾನು ನೋಡ್ಬೇಕು' ಅಂತ ಹೇಳಿದ್ರು. ನೀವು ಹಾಕುದಾದ್ರೆ ಕೊಂಡುಹೋಗಿ. ಕಪಾಟಿಗೆ ನಾನು ಕೊಡುದಿಲ್ಲ." ಹೇಳಿದವರು ನನ್ನ ಉತ್ತರಕ್ಕೂ ಕಾಯದೆ ತಾವೇ ಎದ್ದು ನನ್ನ ಸೆರಗನ್ನು ಮಡಚಿ, ಅಳಂಬೆಯ ಕಿನ್ನರಿಯನ್ನು ಹೆಗಲ ಮೇಲೆ ಚುಚ್ಚಿಬಿಟ್ಟರು.

ಈಗ ದಿನವೂ ಹಾಕಿಕೊಂಡೇ ಶಾಲೆಗೆ ಹೋಗುತ್ತೇನೆ, ಝುಬೈದಾ ಮನೆಗೆ ವರದಿ ಒಪ್ಪಿಸುತ್ತಾಳಲ್ಲ. ಮಕ್ಕಳು ನೋಡುತ್ತಾರೆ, ಹೆಡ್ಮಾಸ್ಟರು ನೋಡುತ್ತಾರೆ, ಬಸ್ಸಿನ ಕಂಡಕ್ಟರ್ ಕೂಡ ಟಿಕೆಟು ಹರಿಯುತ್ತ ಬಗ್ಗಿ ನೋಡುತ್ತಾನೆ. ಇಷ್ಟೆಲ್ಲ ಆಸೆಪಟ್ಟ ನಾನೊಬ್ಬಳು ಮಾತ್ರ ಎಷ್ಟು ಕತ್ತು ಹೊರಳಿಸಿದರೂ ಅವಳ ಒಂದು ರೆಕ್ಕೆಯ ತುದಿಗಿಂತ ಹೆಚ್ಚು ಕಾಣಲಾರೆ.